ಮಾರಿಷಸ್ಸಿನಲ್ಲಿ ಸಪ್ಪಗಾದ ಬೆಲ್ಲ

ಕೆಮ್ಮಿನ ವಿಷಯದಲ್ಲಿ ನಾನು ಯಾರ ಸಲಹೆಯನ್ನೂ ಕೇಳುವವನಲ್ಲ. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಆಯುಷ್ಯ ಕಳೆದವನು ನಾನು. ಮೊದಲು ಮಗ್ಗ ನಡೆಸಿದೆ, ಆಮೇಲೆ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್ ಆದೆ. ಅಷ್ಟು ವರ್ಷ ನಾನು ಉಸಿರಾಡಿದ್ದರಲ್ಲಿ ಗಾಳಿ ಅರ್ಧ, ಹತ್ತಿ ಅರ್ಧ. ನಮ್ಮ ಓಣಿಯಲ್ಲಿ ಕೆಮ್ಮದ ಮನುಷ್ಯ ಕಂಡರೆ, ಇವರು ಯಾವ ಊರಿನವರೋ ಎಂದು ಜನ ವಿಚಾರಿಸುತ್ತಾರೆ. ಕೆಮ್ಮಿಗೆ ನಮ್ಮಲ್ಲಿ ಔಷಧವೂ ಒಂದೇ. ಬೆಲ್ಲ! ಪಾಳಿ ಮುಗಿಸಿ ಹೊರಗೆ ಬಂದು ಒಂದು ತುಣುಕು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಕೂತ ಹತ್ತಿ ಇಳಿದುಹೋಗುತ್ತದೆ ಎಂದು ಎಲ್ಲರ ನಂಬಿಕೆ.

ಹೀಗಿರುವಾಗ ಕೊರೊನಾ ನನ್ನನ್ನು ಏನು ಮಾಡೀತು? ಒಳಗೆ ಬಂದರೂ ಅದಕ್ಕೆ ಕೂರಲು ಜಾಗ ಬೇಕಲ್ಲ! ಇದು ನನ್ನ ಅಂದಿನ ವೈಜ್ಞಾನಿಕ ನಿಲುವಾಗಿತ್ತು.

ಈ ಕಥೆಯನ್ನು ಹೇಳುವ ಹಕ್ಕು ನಿಜವಾಗಿ ನನ್ನ ಹೆಂಡತಿ ಸುಮಿತ್ರಾಳದು. ಮನೆಗೆ ಯಾರೇ ಬಂದರೂ ಚಹಾದ ಜೊತೆ ಇದನ್ನೂ ಕೊಡುತ್ತಿದ್ದಳು. ‘ಹಂಗೇನಿಲ್ಲ, ಹಂಗೇನಿಲ್ಲ’ ಎಂದು ನಡುನಡುವೆ ಬಾಯಿ ಹಾಕುವುದಷ್ಟೇ ನನ್ನ ಪಾಲು. ಅವಳು ಹೋಗಿ ವರ್ಷ ತುಂಬುತ್ತ ಬಂತು. ಈಗ ಕಥೆ ಹೇಳುವವರೂ ಇಲ್ಲ, ‘ಹಂಗೇನಿಲ್ಲ’ ಅನ್ನುವ ಕೆಲಸ ನನಗೂ ಇಲ್ಲ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ. ಅವಳು ಹೇಳಿದಷ್ಟು ಚೆನ್ನಾಗಿ ನನಗೆ ಬರುವುದಿಲ್ಲ.

ಆಗ ಕೊರೊನಾದ ದೊಡ್ಡ ಗಲಾಟೆ ಮುಗಿದು ವಿಮಾನಗಳು ಮತ್ತೆ ಹಾರುತ್ತಿದ್ದವು. ನಮ್ಮ ಮಗಳು ದೀಪಾ ಮಾರಿಷಸ್ಸಿನಲ್ಲಿದ್ದಳು. ಅಳಿಯನಿಗೆ ಅಲ್ಲಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಮಗ್ಗಗಳ ಉಸ್ತುವಾರಿ. ದೀಪಾಗೆ ಏಳನೇ ತಿಂಗಳು ನಡೆದಿತ್ತು. ಏಳರಲ್ಲಿ ತವರಿನವರು ಉಡಿ ತುಂಬಬೇಕು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಹಣ್ಣು ಹಾಕಿ ಹರಸಬೇಕು. ಪ್ರಯಾಣ ಮಾಡಬಾರದು ಎಂದು ಡಾಕ್ಟರು ದೀಪಾಗೆ ಹೇಳಿದ್ದರು.

“ಅಕಿಗೆ ಬರಾಕ ಆಗದಿದ್ರ ನಾವ ಉಡಿ ತಗೊಂಡ ಹೋಗೂಣು” ಅಂದಳು ಸುಮಿತ್ರಾ. ಮಾರಿಷಸ್ ಎನ್ನುವುದು ಪಂಚಗಂಗಾ ಹೊಳೆಯ ಆಚೆ ದಂಡೆಯಲ್ಲಿದೆ ಅನ್ನುವ ಹಾಗೆ!

ಸೀರೆ, ಬಳೆ ಕೊಲ್ಲಾಪುರದಲ್ಲಿ ಕೊಂಡೆವು. ಅಲ್ಲಿಯ ದೇವಿ ಅಂಬಾಬಾಯಿಗೆ ಕೈಮುಗಿದು ಕುಂಕುಮ ತಂದೆವು. ಬೆಲ್ಲ ಮಾತ್ರ ಗಡಹಿಂಗ್ಲಜದಿಂದಲೇ ಬರಬೇಕು ಎಂದು ಅವಳ ಹಟ. ಅಲ್ಲಿ ಅವಳ ತಮ್ಮ ರಾವಸಾಬನ ಕಬ್ಬಿನ ಗಾಣ ಇದೆ. “ನನ್ನ ಉಡಿಯಾಗ ನಮ್ಮ ಗಾಣದ ಬೆಲ್ಲ ಬಿದ್ದಿತ್ತು. ನನ್ನ ಮಗಳ ಉಡಿಯಾಗೂ ಅದ ಬೀಳಬೇಕು” ಅಂದಳು. ಮಾತು ಅಲ್ಲಿಗೆ ಮುಗಿಯಿತು.

ರಾವಸಾಬ ಮನೆಗೇ ಬಂದು ತಲೆಯಷ್ಟು ದೊಡ್ಡ ಬೆಲ್ಲದ ಪೆಂಟೆ ಇಟ್ಟು ಹೋದ. ಹೋಗುವಾಗ, “ದಾಜಿ, ಹಾದ್ಯಾಗ ತಿಂದ ಖಾಲಿ ಮಾಡಬ್ಯಾಡ್ರಿ ಮತ್ತ” ಎಂದು ನನಗೊಂದು ಎಚ್ಚರಿಕೆ ಕೊಟ್ಟ. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಅನ್ನುತ್ತಾರೆ. ಅದರಲ್ಲಿ ಮರ್ಯಾದೆ ಎಷ್ಟು, ಚೇಷ್ಟೆ ಎಷ್ಟು ಎಂಬುದನ್ನು ಕರೆದವನ ಮುಖ ನೋಡಿ ತಿಳಿದುಕೊಳ್ಳಬೇಕು.

ಮುಂಬೈ ಬಸ್ಸಿನಲ್ಲೇ ಕೆಮ್ಮು ಶುರುವಾಯಿತು.

“ಏನ್ರಿ, ಮೈ ಬಿಸಿ ಆಗೈತೆಲ್ಲಾ?”

“ಕಿಡಕಿ ಕಡೆ ಕುಂತೇನಿ. ಬಿಸಲಿಗೆ ಕಾದೈತಿ.”

“ಹೊರಗ ಮಳಿ ಹೊಡ್ಯಾಕತ್ತೈತಿ!”

“ಇದು ಕೆಮ್ಮಲ್ಲ ಬಿಡ. ಹತ್ತಿ” ಎಂದೆ.

ವಿಮಾನದಲ್ಲಿ ಪಕ್ಕದ ಸೀಟಿನವನು ಚೀಲವೆಲ್ಲ ತಡಕಾಡಿ ಮಾಸ್ಕ್ ಹುಡುಕಿ ಹಾಕಿಕೊಂಡ. ಅವನಿಗೂ ಧೈರ್ಯ ಬರಲಿ ಎಂದು ಎದೆ ತಟ್ಟಿಕೊಂಡು “ಕಾಟನ್, ಕಾಟನ್” ಎಂದೆ. ಅವನು ನನ್ನ ಅಂಗಿಯನ್ನು ದೂರದಿಂದಲೇ ನೋಡಿ “ವೆರಿ ನೈಸ್” ಎಂದು ಆಚೆ ತಿರುಗಿದ.

ಅಲ್ಲಿ ಇಳಿದಾಗ ದೀಪಾ ಓಡಿ ಬಂದಳು. ನಾನು ಕೈ ಚಾಚಿದೆ. ಸುಮಿತ್ರಾ ನಡುವೆ ಬಂದು ನಿಂತುಬಿಟ್ಟಳು. “ತಡಿ. ಮೊದಲ ನಿಮ್ಮಪ್ಪನ ಹತ್ತಿ ಇಳೀಲಿ” ಅಂದಳು. ನನಗೆ ಸಿಟ್ಟು ಬಂತು. ಇಷ್ಟು ದೂರ ಬಂದದ್ದು ಮಗಳನ್ನು ಟ್ಯಾಕ್ಸಿಯ ಆ ಕಡೆಯಿಂದ ನೋಡಲಿಕ್ಕೇನು! ಆದರೆ ಅವಳು ನಡುವೆ ನಿಂತರೆ ಆಚೆ ಹೋಗುವ ದಾರಿ ಇರುವುದಿಲ್ಲ. ಇದು ಮದುವೆಯಾದಾಗಿನಿಂದ ನನಗೆ ಗೊತ್ತು.

ಮಗಳ ಮನೆ ಚಿಕ್ಕದು. ಹಾಗಾಗಿ ಅಳಿಯ ಅದೇ ಓಣಿಯ ಒಂದು ಗೆಸ್ಟ್‌ಹೌಸಿನಲ್ಲಿ ನಮಗೆ ಕೋಣೆ ಹಿಡಿದಿದ್ದ. ನಡುವೆ ಅಂಗಳ, ಅಂಗಳದಲ್ಲಿ ನೀಲಿ ನೀರಿನ ಪುಟ್ಟ ಈಜುಕೊಳ, ಸುತ್ತ ಎರಡು ಅಂತಸ್ತಿನ ಕೋಣೆಗಳು. ಅದನ್ನು ನೋಡಿಕೊಳ್ಳುವ ಹೆಂಗಸು ಮ್ಯಾನೇಜರ್ ಬಾಯಿ; ಆಕೆಯ ಹಿರಿಯರು ಎಂದೋ ನಮ್ಮ ಮಹಾರಾಷ್ಟ್ರದಿಂದಲೇ ಅಲ್ಲಿಗೆ ಹೋದವರಂತೆ. ಅದು ತಿಳಿದದ್ದೇ ನಾನು ಶುದ್ಧ ಕೊಲ್ಲಾಪುರಿ ಮರಾಠಿಯಲ್ಲಿ ಬಹಳ ಹೊತ್ತು ಮಾತಾಡಿದೆ. ಆಕೆ ನಗುತ್ತ ಕೇಳಿ, ಕೊನೆಗೆ “ನಮಸ್ಕಾರ್” ಅಂದರು. ಅವರಿಗೆ ಬರುತ್ತಿದ್ದ ಮರಾಠಿ ಅಷ್ಟೇ ಎಂದು ದೀಪಾ ಆಮೇಲೆ ಹೇಳಿದಳು.

ಮರುದಿನ ಬೆಳಿಗ್ಗೆ ಸುಮಿತ್ರಾ ಸ್ನಾನಕ್ಕೆ ಹೋದ ಸಮಯ ನೋಡಿ ನಾನು ಔಷಧಕ್ಕೆ ಕೈ ಹಾಕಿದೆ. ಪೆಂಟೆಯಿಂದ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡೆ. ಸಪ್ಪೆ! ಇನ್ನೊಂದು ತುಣುಕು. ಅದೂ ಸಪ್ಪೆ! ಅಂಗಳದ ಮಣ್ಣು ತಿಂದಿದ್ದರೆ ಇದಕ್ಕಿಂತ ರುಚಿ ಇರುತ್ತಿತ್ತು. ನನ್ನ ಮಗಳ ಉಡಿಗೆ ಇಂಥ ಬೆಲ್ಲ ಕೊಟ್ಟನಲ್ಲ ಎಂದು ತಲೆ ಕೆಟ್ಟುಹೋಯಿತು. ಆ ಕ್ಷಣವೇ ಗಡಹಿಂಗ್ಲಜಕ್ಕೆ ಫೋನ್ ಹಚ್ಚಿದೆ.

“ರಾವಸಾಬ, ಏನ್ ಬೆಲ್ಲಪಾ ಇದು? ಮಣ್ಣ ತಿಂದಂಗ ಆಗಾಕತ್ತೈತಿ!”

“ದಾಜಿ, ಏನ್ ಮಾತಾಡಾಕತ್ತೀರಿ? ಮೊನ್ನಿ ಕೊಲ್ಲಾಪುರ ಮಾರ್ಕೆಟ್‌ನ್ಯಾಗ ನನ್ನ ಬೆಲ್ಲ ಬಾಯಾಗ ಹಾಕ್ಕೊಂಡ ವ್ಯಾಪಾರಿ ಮುಂದ ಒಂದ ಮಾತ ಆಡಲಿಲ್ಲ.”

“ಹೆಂಗ ಆಡತಾನ? ಬಾಯಿ ಕೆಟ್ಟಿರಬೇಕು! ಖರೇ ಹೇಳ, ಗಾಣಕ್ಕ ಕಬ್ಬ ಹಾಕಿದ್ದ್ಯೋ ಜ್ವಾಳದ ದಂಟ ಹಾಕಿದ್ದ್ಯೋ?”

ಗಾಣದವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ರಾವಸಾಬ ತಣ್ಣಗೆ, “ಅಕ್ಕನ ಕೈಯಾಗ ಫೋನ್ ಕೊಡ್ರಿ” ಎಂದ.

ಸುಮಿತ್ರಾ ಕೂದಲು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದಳು. ಬಂದು ಪೆಂಟೆಯ ಆಚೆ ಮಗ್ಗುಲಿನಿಂದ ಮುಷ್ಟಿಯಷ್ಟು ಮುರಿದಳು. ಉದುರಿದ ಪುಡಿಯನ್ನು ನಾಲಿಗೆಗೆ ಇಟ್ಟುಕೊಂಡು ನೋಡಿದಳು. ನನ್ನ ಮುಖ ನೋಡಿದಳು. ಚೀಲದಿಂದ ತಲೆನೋವಿನ ಮುಲಾಮಿನ ಡಬ್ಬಿ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದಳು.

“ಏನ್ ವಾಸನಿ ಬಂತು?”

“ಏನೂ ಇಲ್ಲ. ಖಾಲಿ ಡಬ್ಬಿ ಐತಿ.”

ಡಬ್ಬಿ ತುಂಬ ಮುಲಾಮಿತ್ತು. ಅವಳ ಕಣ್ಣಲ್ಲಿ ಮಾತ್ರ ಅದರ ಘಾಟಿಗೆ ನೀರು ಬಂದಿತ್ತು. ಫೋನ್ ತೆಗೆದುಕೊಂಡು ಹೇಳಿದಳು: “ರಾವಸಾಬ, ಬೆಲ್ಲ ಭಾಳ ಚಲೋ ಐತಿ. ಕೆಟ್ಟಿರೋದು ನಿಮ್ಮ ದಾಜಿ.”

ಪರೀಕ್ಷೆ ಮಾಡಿಸಿದರು. ಎರಡು ಗೆರೆ ಎಷ್ಟು ಢಾಳಾಗಿ ಮೂಡಿದವೆಂದರೆ ನಮ್ಮ ಶೆಡ್ಡಿನ ಸೀರೆಯ ಅಂಚೂ ಅಷ್ಟು ಚಂದ ಬರುತ್ತಿರಲಿಲ್ಲ! ಸುಮಿತ್ರಾಳಿಗೆ ಏನೂ ಇರಲಿಲ್ಲ. ಆದರೂ ಖಾತ್ರಿಯಾಗುವವರೆಗೆ ಬಸುರಿಯ ಹತ್ತಿರ ಹೋಗಬಾರದು ಎಂದು ಡಾಕ್ಟರು ಹೇಳಿದರು. ನಮ್ಮ ಯೋಜನೆಯೆಲ್ಲ ಒಂದೇ ಬೆಳಗಿನಲ್ಲಿ ಮುರಿದುಬಿತ್ತು. ಉಡಿ ತುಂಬಲು ಗೊತ್ತುಮಾಡಿದ್ದ ದಿನ ಹೋಯಿತು. ಕರೆದಿದ್ದ ಜನಕ್ಕೆ ಬರಬೇಡಿ ಎಂದು ಅಳಿಯ ಹೇಳಿ ಬಂದ. ವಾಪಸು ಹೋಗುವ ವಿಮಾನವನ್ನು ಮುಂದಕ್ಕೆ ಹಾಕಿದ. ಸಮುದ್ರ ನೋಡುವುದು, ದೋಣಿ ಹತ್ತುವುದು ಎಲ್ಲ ರದ್ದು.

ಅವೆಲ್ಲ ಹೋಗಲಿ. ಏಳನೇ ತಿಂಗಳು ಮುಗಿಯುತ್ತ ಬಂದಿತ್ತು. ಎಂಟರಲ್ಲಿ ನಮ್ಮಲ್ಲಿ ಉಡಿ ತುಂಬುವುದಿಲ್ಲ. ಒಂಬತ್ತರವರೆಗೆ ಆ ದೇಶದಲ್ಲಿ ಇರಲು ನಮಗೆ ಪರವಾನಗಿ ಇರಲಿಲ್ಲ. ಅಂದರೆ ಈಗ ಆಗಬೇಕು, ಇಲ್ಲವೆಂದರೆ ಇಲ್ಲ.

ಸುಮಿತ್ರಾ ಬೇರೆ ಕೋಣೆಗೆ ಹೊರಟಳು. ಸೀರೆ, ಬಳೆ, ಕೊಬ್ಬರಿ ಎಲ್ಲ ತೆಗೆದುಕೊಂಡಳು. ಪೆಂಟೆಯನ್ನು ಮೇಜಿನ ಮೇಲೇ ಬಿಟ್ಟಳು.

“ಬೆಲ್ಲ?” ಎಂದೆ.

“ಅದು ಈಗ ನಿಮ್ಮ ಪಾಲಿಂದು. ಅದರ ಮ್ಯಾಲ ಮುಂಜಾನಿಂದ ಕೆಮ್ಮೀರಿ. ಮಗಳಿಗೆ ಬ್ಯಾಡ.”

“ಮತ್ತ ಉಡಿಗೆ?”

ಚೀಲ ಎತ್ತಿಕೊಂಡು ಹೋದಳು. ತವರಿನ ಬೆಲ್ಲವಿಲ್ಲದೆ ಮಗಳ ಉಡಿ ತುಂಬುವ ಹಾಗಾಯಿತಲ್ಲ, ಅದೂ ನನ್ನಿಂದ! ಜ್ವರಕ್ಕಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಅವಳ ಕೋಣೆ ಅಂಗಳದ ಆಚೆ, ನನ್ನ ಮೇಲಂತಸ್ತಿನ ಕಿಟಕಿಗೆ ಎದುರು. ಮೊದಲ ದಿನ ಫೋನಿನಲ್ಲಿ ಮಾತಾಡಿದೆವು. ಮಗ್ಗದ ಸದ್ದಿನಲ್ಲಿ ಬಾಳಿದವರಿಗೆ ಮೆತ್ತಗೆ ಮಾತಾಡುವ ರೂಢಿ ಇಲ್ಲ. ಫೋನ್ ಇಲ್ಲದಿದ್ದರೂ ಕೇಳುವಷ್ಟು ಜೋರಾಗಿ ಮಾತಾಡಿದೆವು. ಸಂಜೆಯೊಳಗೆ ಮ್ಯಾನೇಜರ್ ಬಾಯಿ ದೀಪಾಗೆ ಫೋನ್ ಮಾಡಿ, ನಿಮ್ಮ ಅಪ್ಪ ಅಮ್ಮ ಜಗಳ ನಿಲ್ಲಿಸುತ್ತಾರಾ, ಉಳಿದ ಕೋಣೆಗಳಲ್ಲೂ ರೋಗಿಗಳಿದ್ದಾರೆ ಎಂದು ಕೇಳಿದರಂತೆ.

“ಜಗಳ ಅಲ್ರಿ, ಔಷಧ ತಗೊಂಡ್ರೇನು ಅಂತ ಕೇಳಾಕತ್ತಾಳ ನಮ್ಮವ್ವ” ಎಂದು ದೀಪಾ ಸಮಾಧಾನ ಮಾಡಬೇಕಾಯಿತು.

ಅಂದಿನಿಂದ ನಾವು ಕೈಮಾತಿಗೆ ಇಳಿದೆವು. ಶೆಡ್ಡಿನಲ್ಲಿ ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಎಲ್ಲರೂ ಕೈಯಲ್ಲೇ ಮಾತಾಡುತ್ತೇವೆ. ಸುಮಿತ್ರಾ ಮದುವೆಗೆ ಮುಂಚೆಯೇ ಆ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುವ ಕೆಲಸಕ್ಕೆ ಬರುತ್ತಿದ್ದಳು. ನಮ್ಮ ಮದುವೆಯ ಮಾತುಕತೆಯೂ ಮೊದಲು ಕೈಯಲ್ಲೇ ಆದದ್ದು. ಎರಡು ಬೆರಳು ಗರಗರ ತಿರುಗಿಸಿದರೆ ಕಾಂಡಿ ಮುಗಿದಿದೆ ಎಂದು. ಎರಡು ಮುಷ್ಟಿ ಗುದ್ದಿಸಿದರೆ ಲಾಳಿ ಸಿಕ್ಕಿಬಿದ್ದಿದೆ ಎಂದು. ಅಂಗೈ ಎತ್ತಿದರೆ ಮಗ್ಗ ನಿಲ್ಲಿಸು. ತಲೆ, ಹೆಗಲ ಮೇಲಿನ ಹತ್ತಿಯನ್ನು ಎರಡೂ ಕೈಯಿಂದ ಜಾಡಿಸಿದರೆ, ಪಾಳಿ ಮುಗಿಯಿತು, ಮನೆಗೆ ಹೋಗೋಣ ಎಂದು. ಇದಕ್ಕೆ ಮನೆಯ ಮಾತುಗಳನ್ನೂ ಸೇರಿಸಿ ನಾವಿಬ್ಬರೂ ಒಂದು ಸಂಸಾರವನ್ನೇ ನಡೆಸಬಲ್ಲವರಾಗಿದ್ದೆವು.

ದಿನಾ ಬೆಳಿಗ್ಗೆ ನಾನು ಕಿಟಕಿಯಲ್ಲಿ, ಅವಳು ಕಿಟಕಿಯಲ್ಲಿ. ಜ್ವರ ಎಷ್ಟು? ಊಟ ಹೋಯಿತೇ? ಎರಡು ದಿನ ಕಳೆದಿರಬೇಕು, ಅವಳ ಪಕ್ಕದ ಕಿಟಕಿಯಲ್ಲಿ ಯಾವುದೋ ಬಿಳಿಯರ ದೇಶದ ಮುದುಕ ದಂಪತಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಅವರೂ ನನ್ನ ಹಾಗೆ ಒಳಗೆ ಸಿಕ್ಕಿಬಿದ್ದವರು. ಮರುದಿನ ನೋಡಿದರೆ ಇಬ್ಬರೂ ಬೆರಳು ತಿರುಗಿಸುತ್ತಿದ್ದಾರೆ! ಇದು ನಮ್ಮ ದೇಶದ ಯಾವುದೋ ಯೋಗಾಭ್ಯಾಸ ಎಂದು ಅವರ ತಿಳುವಳಿಕೆ. ಅವರನ್ನು ನೋಡಿ ಕೆಳಗಿನ ಕೋಣೆಯವರೂ ಶುರು ಮಾಡಿದರು. ನನ್ನ ಕೆಮ್ಮು ಇಳಿಯುವ ಹೊತ್ತಿಗೆ ಇಡೀ ಗೆಸ್ಟ್‌ಹೌಸ್ ದಿನಾ ಬೆಳಿಗ್ಗೆ ಕಿಟಕಿಗೆ ಬಂದು, ‘ಕಾಂಡಿ ಮುಗಿದೈತಿ, ಲಾಳಿ ಸಿಕ್ಕೈತಿ, ಜಾಬರನ್ನ ಕರೀರಿ’ ಎಂದು ಹೇಳಿಕೊಳ್ಳುತ್ತಿತ್ತು.

ಜಾಬರ್ ನಾನೇ. ನನಗೇ ಹೊರಗೆ ಬರುವ ಹಾಗಿರಲಿಲ್ಲ.

ಸುಮಿತ್ರಾ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿಕೊಂಡಳು. ಪ್ರತಿ ಸಲವೂ ಒಂದೇ ಗೆರೆ. ಕೊನೆಗೆ ಡಾಕ್ಟರು ಒಪ್ಪಿದರು. ಆದರೆ ಬಯಲಿನಲ್ಲಿ, ಮಾಸ್ಕ್ ಹಾಕಿಕೊಂಡು ಎಂದರು. ತಿಂಗಳು ಮುಗಿಯಲು ಇನ್ನು ಹೊತ್ತಿರಲಿಲ್ಲ. ಉಡಿ ತುಂಬುವುದು ಎಲ್ಲಿ ಎಂದು ಅಳಿಯ ಕೈ ಹಿಸುಕಿಕೊಳ್ಳುತ್ತಿದ್ದ.

“ಇಲ್ಲೇ, ಅಂಗಳದಾಗ. ಅವರ ಕಿಡಕಿ ಕೆಳಗ. ಅಪ್ಪ ನೋಡಲಾರದ ಉಡಿ ತುಂಬೂದಿಲ್ಲ ನಾ” ಅಂದಳಂತೆ ಸುಮಿತ್ರಾ.

ಮ್ಯಾನೇಜರ್ ಬಾಯಿಯೇ ಕೊಳದ ಪಕ್ಕ ಕುರ್ಚಿ ಇಡಿಸಿ, ಹೂವಿನ ಸರ ಕಟ್ಟಿದರು. ನನಗೆ ಆ ಮರಾಠಿ ‘ನಮಸ್ಕಾರ್’ದ ಬೆಲೆ ಅಂದು ತಿಳಿಯಿತು.

ಈಗ ನನ್ನ ಪರಾಕ್ರಮಕ್ಕೆ ಬರುತ್ತೇನೆ. ತವರಿನ ಬೆಲ್ಲ ಉಡಿಗೆ ಬೀಳಲೇಬೇಕು ಎಂದು ನಾನು ಗುಟ್ಟಾಗಿ ತೀರ್ಮಾನಿಸಿದ್ದೆ. ಪೆಂಟೆಯ ಮೇಲ್ಭಾಗವನ್ನೆಲ್ಲ ಚಮಚದಿಂದ ಹೆರೆದು, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕಿಟಕಿಯ ಬಿಸಿಲಿಗೆ ಒಣಗಿಸಿ ಅದನ್ನು ವಿಧಿವತ್ತಾಗಿ ಶುದ್ಧೀಕರಿಸಿದ್ದೆ. ಹಾಸಿಗೆಯ ಚಾದರ, ನನ್ನ ಧೋತರ ಸೇರಿಸಿ ಹಗ್ಗ ಮಾಡಿದೆ. ಹಾಕಿದ್ದು ಮಗ್ಗದವರ ಗಂಟು. ನಾನು ಹಾಕಿದ ಗಂಟು ಬಿಚ್ಚಿದ ಉದಾಹರಣೆ ಇಚಲಕರಂಜಿಯ ಇತಿಹಾಸದಲ್ಲಿ ಇಲ್ಲ.

ದೀಪಾ ಹಸಿರು ಸೀರೆಯಲ್ಲಿ ಬಂದು ಕೂತಳು. ನಾನು ಅಷ್ಟು ದಿನ ಸರಿಯಾಗಿ ನೋಡಲಾರದ ಮಗಳು, ಬಿಸಿಲಿನಲ್ಲಿ ಬೆಳೆದ ಕಬ್ಬಿನ ಹೊಲದಂತೆ ತುಂಬಿಕೊಂಡಿದ್ದಳು. ಸುಮಿತ್ರಾ ಕುಂಕುಮ ಹಚ್ಚಿದಳು. ಬಳೆ ತೊಡಿಸಿದಳು. ಮಡಿಲಿಗೆ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು. ಇದೇ ಸಮಯ ಎಂದು ನಾನು ಪೆಂಟೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟೆ.

ಸುಮಿತ್ರಾ ತಲೆಯೆತ್ತಿ ನೋಡಿದಳು. ಅಂಗೈ ಎತ್ತಿದಳು. ಮಗ್ಗ ನಿಲ್ಲಿಸು! ನನಗೆ ಸ್ಪಷ್ಟವಾಗಿ ಕಂಡಿತು. ಆದರೆ ಸಂಸಾರದಲ್ಲಿ ಒಮ್ಮೆಯಾದರೂ ಗಂಡನ ಮಾತು ನಡೆಯಬೇಡವೇ? ಇನ್ನಷ್ಟು ಇಳಿಸಿದೆ. ಅವಳು ಎರಡೂ ಅಂಗೈ ಎತ್ತಿದಳು. ನಾನು ಇನ್ನಷ್ಟು ಇಳಿಸಿದೆ. ಗಾಳಿ ಬೀಸಿತು. ಪೆಂಟೆ ತೂಗಾಡುತ್ತ ಕೊಳದ ಮೇಲೆ ಹೋಯಿತು.

ಗಂಟು ಬಿಚ್ಚಲಿಲ್ಲ. ಇದನ್ನು ಎಲ್ಲರೂ ನೆನಪಿಡಬೇಕು. ಹರಿದದ್ದು ಚೀಲದ ಕಿವಿ!

ಧಡಂ! ನೀರು ಮ್ಯಾನೇಜರ್ ಬಾಯಿಯ ಹೂವಿನ ಸರದವರೆಗೆ ಹಾರಿತು. ಅಳಿಯ ಹೊಸ ಬಟ್ಟೆಯಲ್ಲೇ ಕೊಳಕ್ಕೆ ಹಾರಿದ. ಆದರೆ ನನ್ನ ಶುದ್ಧೀಕರಣದಿಂದ ಬೆಲ್ಲ ಆಗಲೇ ಸಡಿಲವಾಗಿತ್ತು. ಚೀಲ ಒಂದೇ ಅವನ ಕೈಗೆ ಸಿಕ್ಕಿತು. ನೀಲಿ ನೀರು ನಿಧಾನಕ್ಕೆ ಕೆಂಪಾಗುತ್ತ ಬಂತು. ನನ್ನ ಮಗಳ ಉಡಿಯ ಬೆಲ್ಲದಿಂದ ನಾನು ಒಂದು ಈಜುಕೊಳದ ತುಂಬ ಪಾನಕ ಮಾಡಿದ್ದೆ!

ಎಲ್ಲರೂ ತಲೆಯೆತ್ತಿ ನನ್ನನ್ನೇ ನೋಡಿದರು. ಪಕ್ಕದ ಕಿಟಕಿಯ ಮುದುಕ ಮಾತ್ರ ಸಹಾನುಭೂತಿಯಿಂದ ಎರಡು ಬೆರಳು ಗರಗರ ತಿರುಗಿಸಿದ. ಕಾಂಡಿ ಮುಗಿದಿತ್ತು, ನಿಜ.

ಸುಮಿತ್ರಾ ನನ್ನ ಕಡೆ ನೋಡಲೇ ಇಲ್ಲ. ಸೊಂಟದಿಂದ ಒಂದು ಕರ್ಚೀಫಿನ ಗಂಟು ತೆಗೆದಳು. ಬಿಚ್ಚಿದಳು. ಅದರಲ್ಲಿ ಮುಷ್ಟಿಯಷ್ಟು ಬೆಲ್ಲ! ಅಂದು ಬೆಳಿಗ್ಗೆ ನಾನು ಮುಟ್ಟದ ಮಗ್ಗುಲಿನಿಂದ ಮುರಿದಿದ್ದಳಲ್ಲ, ಅದು. ನಾನು ಅವಳ ತಮ್ಮನನ್ನು ಬೈಯುವುದರಲ್ಲಿ ಮುಳುಗಿದ್ದಾಗ ಅವಳಿಗೆ ಮುಂದಿನದೆಲ್ಲ ಕಂಡಿತ್ತು. ನನಗೆ ಆಗಿರುವುದು ಏನು, ನನ್ನನ್ನು ಎಲ್ಲಿ ಇಡುತ್ತಾರೆ, ಪೆಂಟೆಯ ಗತಿ ಏನು ಎಲ್ಲ! ಅದನ್ನು ಮಗಳ ಉಡಿಗೆ ಹಾಕಿ, ನೆಟಿಗೆ ಮುರಿದು ದೃಷ್ಟಿ ತೆಗೆದಳು. ದೀಪಾ ಅಳುತ್ತ ನಗುತ್ತಿದ್ದಳು. ಅಳಿಯ ಪಾನಕದಲ್ಲಿ ನಿಂತೇ ಕೈಮುಗಿದ.

ಆಮೇಲೆ ಸುಮಿತ್ರಾ ನನ್ನ ಕಿಟಕಿಯತ್ತ ನೋಡಿ ತಲೆ, ಹೆಗಲು ಎರಡೂ ಕೈಯಿಂದ ಜಾಡಿಸಿಕೊಂಡಳು. ಪಾಳಿ ಮುಗಿಯಿತು. ಅಂಗಳದಲ್ಲಿದ್ದ ಯಾರಿಗೂ ಅದು ತಿಳಿಯಲಿಲ್ಲ. ಇವಳು ನನ್ನ ಹೆಂಡತಿ ಎಂದು ಆ ಕಿಟಕಿಯಿಂದ ಇಡೀ ಮಾರಿಷಸ್ಸಿಗೆ ಕೇಳುವಂತೆ ಕೂಗಬೇಕು ಅನ್ನಿಸಿತು ನನಗೆ. ಗದ್ದಲ ಮಾಡಬಾರದು ಎಂದು ಹೇಳಿದ್ದರಿಂದ ಸುಮ್ಮನಾದೆ.

ಮೊಮ್ಮಗಳು ಸುಖವಾಗಿ ಹುಟ್ಟಿದಳು. ಅಷ್ಟರಲ್ಲಿ ನಾವು ಊರಿಗೆ ಬಂದಾಗಿತ್ತು. ರಾವಸಾಬನ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ರೀತಿಯಲ್ಲೂ ನಾನು ಕ್ಷಮೆ ಕೇಳಿದೆ. ಅಂದಿನಿಂದ ಪ್ರತಿ ವರ್ಷ ಹೊಸ ಬೆಲ್ಲ ತಂದಾಗ, “ದಾಜಿ, ಜ್ವಾಳದ ದಂಟಿಂದು ತಂದೇನ್ರಿ” ಎಂದೇ ಅವನು ಒಳಗೆ ಬರುವುದು.

ಹೋದ ವರ್ಷ ಸುಮಿತ್ರಾ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಮಲಗಿದಳು. ಅವಳ ಕಾಯಿಲೆಯ ಮಾತು ಇಲ್ಲಿ ಬೇಡ. ಕೊನೆಗೆ ಮೂಗು ಬಾಯಿಗೆ ಆಕ್ಸಿಜನ್ ಹಾಕಿದ್ದರು, ಮಾತು ಆಗುತ್ತಿರಲಿಲ್ಲ. ಒಂದು ದಿನ ನನ್ನನ್ನು ನೋಡಿ ಕೈ ಆಡಿಸಿದಳು. ನರ್ಸ್ ಗಾಬರಿಯಾಗಿ, “ಆಜೀ ಕಾಯ್ ಮ್ಹಣತಾತ್?” ಎಂದು ಕೇಳಿದಳು. ಅಜ್ಜಿ ಏನು ಹೇಳುತ್ತಿದ್ದಾರೆ ಎಂದು. ಆ ಇಡೀ ಆಸ್ಪತ್ರೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಎದೆಯುಬ್ಬಿಸಿ ಹೇಳಿದೆ: “ನನ್ನ ಅಂಗಿ ಗುಂಡಿ ತಪ್ಪು ಹಾಕೇನಿ ಅಂತ ಹೇಳಾಕತ್ತಾಳ.” ನರ್ಸ್ ನನ್ನ ಅಂಗಿ ನೋಡಿದಳು. ಹೌದು, ಮೇಲಿಂದ ಕೆಳಗಿನವರೆಗೆ ಎಲ್ಲ ಒಂದೊಂದು ಗುಂಡಿ ತಪ್ಪಿತ್ತು!

ಆಮೇಲೆ ಅವಳು ಒಮ್ಮೆ ಹೆಗಲು ಜಾಡಿಸಿದಳು. ಅದೇನೆಂದು ನರ್ಸ್ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈ ವರ್ಷವೂ ರಾವಸಾಬ ಬೆಲ್ಲ ತಂದು, ಅಡುಗೆಮನೆಯಲ್ಲಿ ಡಬ್ಬಿಗೆ ತುಂಬಿ ಇಟ್ಟು ಹೋದ. ಈ ಸಲ ದಂಟಿನ ಮಾತು ಆಡಲಿಲ್ಲ. ಮರುದಿನ ನಾನು ಚಹಾದ ಜೊತೆ ಡಬ್ಬಿಯಿಂದ ಒಂದು ತುಣುಕು ತೆಗೆದು ಬಾಯಿಗೆ ಹಾಕಿಕೊಂಡೆ. ಸಪ್ಪೆ. ಮರುದಿನ ಮತ್ತೆ. ಸಪ್ಪೆ. ನನಗೆ ಆಶ್ಚರ್ಯವಾಗಲಿಲ್ಲ. ಅವಳು ಹೋದ ಮೇಲೆ ಇನ್ನೇನು ಸಿಹಿ ಇದ್ದೀತು? ಮಾತಾಡಿಸಲು ಬಂದವರಿಗೆಲ್ಲ, “ಅಕಿ ಹೋದ ಮ್ಯಾಲ ನನಗ ಬೆಲ್ಲಾನೂ ಸಿಹಿ ಹತ್ತಾಕತ್ತಿಲ್ಲ” ಎಂದು ಹೇಳತೊಡಗಿದೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾತು ಚೆನ್ನಾಗಿದೆ ಎಂದು ನನಗೂ ಅನ್ನಿಸಿತ್ತು. ಕ್ಷೌರದ ಅಂಗಡಿಯಲ್ಲೂ ಹೇಳಿದೆ. ಆತ ಕತ್ತರಿ ಕೆಳಗಿಟ್ಟ.

ರಾವಸಾಬನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಅವನು ಕಣ್ಣು ಒರೆಸಿಕೊಂಡ ಹಾಗೆ ಕೇಳಲಿಲ್ಲ.

“ದಾಜಿ, ಮೊದಲ ಟೆಸ್ಟ್ ಮಾಡಸ್ರಿ.”

ಮಾಡಿಸಿದೆ. ಒಂದೇ ಗೆರೆ. “ನೋಡ, ರೋಗ ಅಲ್ಲ, ದುಃಖ” ಎಂದು ಅವನಿಗೆ ತಿಳಿಸಿದೆ. ಮಧ್ಯಾಹ್ನದೊಳಗೆ ಮೋಟರ್ ಸೈಕಲ್ ಮೇಲೆ ಗಡಹಿಂಗ್ಲಜದಿಂದ ಬಂದ. ನೇರ ಅಡುಗೆಮನೆಗೆ ಹೋದ. ನಾನು ತೋರಿಸಿದ ಡಬ್ಬಿ ತೆರೆದ. ಒಂದು ತುಣುಕು ಬೆಳಕಿಗೆ ಹಿಡಿದ.

“ಇದನ್ನ ಎಷ್ಟ ದಿನದಿಂದ ತಿನ್ನಾಕತ್ತೀರಿ?”

“ನೀ ಕೊಟ್ಟ ಹೋದಾಗಿಂದ.”

“ದಾಜಿ, ಇದು ಬೆಲ್ಲ ಅಲ್ರಿ. ಅಂಟು. ದೀಪಾಗ ಬಾಣಂತಿ ಉಂಡಿ ಕಟ್ಟಾಕ ಅಕ್ಕ ತಂದಿಟ್ಟಿದ್ದು.”

ಮರದಿಂದ ಒಸರಿ ಗಟ್ಟಿಯಾದ, ಕಂದು ಬಣ್ಣದ, ಯಾವ ರುಚಿಯೂ ಇಲ್ಲದ ಅಂಟು! ಅದರ ಹಿಂದೆಯೇ ಅಷ್ಟೇ ದೊಡ್ಡ ಇನ್ನೊಂದು ಡಬ್ಬಿ ಇತ್ತು. ಅದರಲ್ಲಿ ಬೆಲ್ಲ. ರಾವಸಾಬ ಒಂದು ತುಣುಕು ತೆಗೆದು ನನ್ನ ಬಾಯಿಗೆ ಹಾಕಿದ. ಸಿಹಿಯಾಗಿತ್ತು. ಮೊದಲು ಎಷ್ಟಿತ್ತೋ ಅಷ್ಟೇ ಸಿಹಿ, ಒಂದು ಗುಂಜಿಯೂ ಕಡಿಮೆ ಇರಲಿಲ್ಲ. ಅವನು ನಗಲು ಶುರುಮಾಡಿದ. ನಗುನಗುತ್ತಲೇ ಹೆಗಲ ಟವೆಲ್ಲು ಮುಖಕ್ಕೆ ಒತ್ತಿಕೊಂಡು ನಿಂತ.

ಸುಮಿತ್ರಾ ಇದ್ದಿದ್ದರೆ ಚಹಾದ ಜೊತೆ ಕೊಡಲು ಅವಳಿಗೆ ಇನ್ನೊಂದು ಕಥೆ ಸಿಗುತ್ತಿತ್ತು. ‘ಹಂಗೇನಿಲ್ಲ’ ಅನ್ನಲು ಈ ಸಲ ನನಗೆ ಬಾಯಿಯೇ ತೆರೆಯುತ್ತಿರಲಿಲ್ಲ. ಹಲ್ಲಿನ ತುಂಬ ಅಂಟು ಹಿಡಿದಿತ್ತು!